ಸೂಜಿ ಚುಚ್ಚಿದ್ದು ಎಲ್ಲಿ, ಮರಗಟ್ಟಿದ್ದು ಎಲ್ಲಿ

ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟು, ನಾಲ್ಕೈದು ನಿಮಿಷ ಬಿಟ್ಟು ಡಾಕ್ಟರು ಕೇಳುವ ಪ್ರಶ್ನೆ ರಾಮನಗರದ ಖಾಸಗಿ ಕ್ಲಿನಿಕ್ಕಿನಲ್ಲೂ ಅದೇ, ಮಾಗಡಿಯ ಸರ್ಕಾರಿ ಆಸ್ಪತ್ರೆಯಲ್ಲೂ ಅದೇ: “ತುಟಿ ದಪ್ಪ ಆದಂಗೆ ಅನ್ನಿಸ್ತಾ ಇದ್ಯಾಮ್ಮ?” ಕುರ್ಚಿಯಲ್ಲಿ ಒರಗಿಕೊಂಡವರು ಎಷ್ಟೋ ಸಲ ಯೋಚನೆಯನ್ನೇ ಮಾಡದೆ “ಹ್ಞೂಂ ಸಾರ್” ಅಂದುಬಿಡುತ್ತಾರೆ. ಹೊರಗೆ ಬೆಂಚಿನ ಮೇಲೆ ಇನ್ನೂ ಜನ ಕಾಯುತ್ತಿರುತ್ತಾರೆ, ಓದಿದವರು ಕೇಳಿದ್ದಕ್ಕೆ ಇಲ್ಲ ಅನ್ನಲು ಸಂಕೋಚ, ಬೇಗ ಮುಗಿದರೆ ಸಾಕು ಅನ್ನುವ ಅವಸರ ಬೇರೆ. ಆದರೆ ಆ ಪ್ರಶ್ನೆ ಉಪಚಾರಕ್ಕೆ ಕೇಳಿದ್ದಲ್ಲ, ಅದೊಂದು ಪರೀಕ್ಷೆ. ಸೂಜಿಯ ತುದಿ ಎಲ್ಲಿಗೆ ಹೋಯಿತು ಅನ್ನುವುದು ಡಾಕ್ಟರಿಗೆ ಗೊತ್ತು. ಔಷಧ ನರವನ್ನು ಹಿಡಿಯಿತೋ ಇಲ್ಲವೋ ಅನ್ನುವುದನ್ನು ಮೊದಲು ತಿಳಿಯುವವರು ರೋಗಿ. ರಕ್ತದೊತ್ತಡ ನೋಡಲು ಯಂತ್ರವಿದೆ, ಜ್ವರ ನೋಡಲು ಥರ್ಮಾಮೀಟರ್ ಇದೆ. ತುಟಿಯ ಜೋಮನ್ನು ಅಳೆದು ಹೇಳುವ ಯಂತ್ರ ಯಾವ ಕ್ಲಿನಿಕ್ಕಿನಲ್ಲೂ ಇಲ್ಲ. ಆದ್ದರಿಂದ ಯಾವ ಹಲ್ಲಿಗೆ ಎಲ್ಲಿ ಚುಚ್ಚುತ್ತಾರೆ, ಚುಚ್ಚಿದರೆ ಎಲ್ಲಿಂದ ಎಲ್ಲಿಯವರೆಗೆ ಮರಗಟ್ಟಬೇಕು ಅನ್ನುವ ಲೆಕ್ಕ ರೋಗಿಗೂ ಒಂದಿಷ್ಟು ತಿಳಿದಿರಬೇಕು. ಅದು ತಿಳಿಯದೆ ಇರುವುದರಿಂದಲೇ ಹಲ್ಲಿನ ಸೂಜಿಯ ಸುತ್ತ ಇಷ್ಟೊಂದು ಹೆದರಿಕೆ, ತಪ್ಪು ತಿಳಿವಳಿಕೆ ಬೆಳೆದಿದೆ ಅನ್ನುವುದು ನನ್ನ ವಾದ.

ಮುಖದ ಸ್ಪರ್ಶ, ಬಿಸಿ, ತಂಪು, ನೋವು ಇವನ್ನೆಲ್ಲ ಮೆದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ಅನ್ನುವ ಒಂದು ದೊಡ್ಡ ನರ. ಬಲಕ್ಕೊಂದು, ಎಡಕ್ಕೊಂದು. ಪ್ರತಿಯೊಂದಕ್ಕೂ ಮೂರು ಕವಲು: ಮೊದಲನೆಯದು ಹಣೆ ಮತ್ತು ಕಣ್ಣಿನ ಸುತ್ತ, ಎರಡನೆಯದು ಕೆನ್ನೆ, ಮೇಲ್ದುಟಿ ಮತ್ತು ಮೇಲ್ದವಡೆಗೆ, ಮೂರನೆಯದು ಕೆಳದವಡೆ ಮತ್ತು ನಾಲಗೆಯ ಕಡೆಗೆ. ಹಿಪ್ಪುನೇರಳೆ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇನ್ ಪೈಪಿನ ಗೇಟ್‌ವಾಲ್ವ್ ತಿರುಗಿಸಿದರೆ ಅದರಿಂದಾಚೆಯ ಸಾಲುಗಳೆಲ್ಲ ಒಟ್ಟಿಗೆ ಒಣಗುತ್ತವೆ. ಒಂದೇ ಸಾಲಿನ ತುದಿಯಲ್ಲಿ ಮಡಚಿ ಕಟ್ಟಿದರೆ ಆ ಸಾಲಷ್ಟೇ ನಿಲ್ಲುತ್ತದೆ. ಹಲ್ಲಿನ ಡಾಕ್ಟರ ಕೈಯಲ್ಲೂ ಈ ಎರಡು ದಾರಿಗಳಿವೆ. ನೋವಿರುವ ಹಲ್ಲಿನ ಬೇರಿನ ಪಕ್ಕದಲ್ಲೇ ಔಷಧ ಬಿಟ್ಟು ಆ ಒಂದೆರಡು ಹಲ್ಲನ್ನು ಮಾತ್ರ ಮರಗಟ್ಟಿಸುವುದು ಒಂದು. ನರ ಇನ್ನೂ ಕವಲೊಡೆಯುವ ಮೊದಲೇ, ಹಲ್ಲಿನಿಂದ ದೂರದಲ್ಲಿ ಅದನ್ನು ತಡೆದು ಇಡೀ ಅರ್ಧ ದವಡೆಯನ್ನು ಮರಗಟ್ಟಿಸುವುದು ಇನ್ನೊಂದು. ಎರಡನೆಯದಕ್ಕೆ ನರ್ವ್ ಬ್ಲಾಕ್ ಅನ್ನುತ್ತಾರೆ. ‘ನೋವಿರೋದು ಮುಂದೆ, ಇವರು ಹಿಂದಕ್ಕೆಲ್ಲೋ ಚುಚ್ಚಿದ್ರು’ ಎಂಬ ಗೊಣಗಾಟ ಹುಟ್ಟುವುದು ಇಲ್ಲಿಂದಲೇ.

ದೂರ ಹೋಗಿ ಚುಚ್ಚಲೇಬೇಕಾದ ಅನಿವಾರ್ಯತೆ ಬರುವುದು ಕೆಳದವಡೆಯಲ್ಲಿ. ದೊಡ್ಡವರ ಕೆಳದವಡೆಯ ಮೂಳೆ, ಅದರಲ್ಲೂ ಹಿಂದಿನ ದವಡೆ ಹಲ್ಲುಗಳ ಸುತ್ತ, ದಪ್ಪ ಮತ್ತು ಗಟ್ಟಿ. ವಸಡಿನಲ್ಲಿ ಬಿಟ್ಟ ಔಷಧ ಆ ಮೂಳೆಯನ್ನು ಹಾಯ್ದು ಬೇರಿನ ತುದಿಗೆ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ನರ ಮೂಳೆಯೊಳಗೆ ನುಗ್ಗುವ ಬಾಗಿಲಲ್ಲೇ ಅದನ್ನು ಹಿಡಿಯಬೇಕು. ಆ ಬಾಗಿಲು ಇರುವುದು ಕೊನೆಯ ದವಡೆ ಹಲ್ಲಿಗೂ ಹಿಂದೆ, ದವಡೆಯ ಮೂಳೆ ಕಿವಿಯ ಕಡೆಗೆ ಏರುವ ಭಾಗದ ಒಳಮೈಯಲ್ಲಿ, ಕಣ್ಣಿಗೆ ಕಾಣದ ಒಂದು ಸಣ್ಣ ರಂಧ್ರ. ಡಾಕ್ಟರು ರೋಗಿಯ ಬಾಯಿಯನ್ನು ಅಗಲಕ್ಕೆ ತೆರೆಸಿ, ಹೆಬ್ಬೆರಳನ್ನು ದವಡೆಯ ಮೂಳೆಯ ಮುಂಭಾಗದ ತಗ್ಗಿನ ಮೇಲೆ ಒತ್ತಿಟ್ಟುಕೊಳ್ಳುತ್ತಾರೆ. ಬಾಯಿ ತೆರೆದಾಗ ಹಿಂದುಗಡೆ ಮೇಲಿನಿಂದ ಕೆಳಕ್ಕೆ ಎಳೆದಂತೆ ನಿಲ್ಲುವ ಒಂದು ಮಡಿಕೆ ಕಾಣುತ್ತದೆ. ಆ ಮಡಿಕೆಗೂ ಹೆಬ್ಬೆರಳಿಗೂ ನಡುವೆ, ಕೆಳಹಲ್ಲುಗಳ ಮಟ್ಟಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಮೇಲೆ ಸೂಜಿ ಒಳಗಿಳಿಯುತ್ತದೆ; ಸಿರಿಂಜಿನ ಹಿಂಭಾಗ ಎದುರು ಬದಿಯ ಮುಂದವಡೆ ಹಲ್ಲುಗಳ ಮೇಲಿರುತ್ತದೆ. ಎರಡರಿಂದ ಎರಡೂವರೆ ಸೆಂಟಿಮೀಟರ್ ಒಳಗೆ ಹೋದಾಗ ಸೂಜಿಯ ತುದಿಗೆ ಮೂಳೆ ತಗಲುತ್ತದೆ. ಡಾಕ್ಟರು ಅಲ್ಲಿ ಕೂದಲೆಳೆಯಷ್ಟು ಹಿಂದೆ ಸರಿದು, ಸಿರಿಂಜಿನ ದಂಡವನ್ನು ಮೊದಲು ಹೊರಕ್ಕೆ ಎಳೆದು ನೋಡುತ್ತಾರೆ. ರಕ್ತ ಬಂದರೆ ತುದಿ ರಕ್ತನಾಳದೊಳಗಿದೆ ಎಂದರ್ಥ, ಜಾಗ ಬದಲಿಸಬೇಕು. ಬರದಿದ್ದರೆ ಒಂದೂವರೆ ಎಂ.ಎಲ್. ಆಸುಪಾಸು ಔಷಧವನ್ನು ನಿಧಾನವಾಗಿ, ನಿಮಿಷಕ್ಕೂ ಮೇಲ್ಪಟ್ಟು ಸಮಯ ತೆಗೆದುಕೊಂಡು ಬಿಡಬೇಕು. ಸೂಜಿ ಚುಚ್ಚಿದ ನೋವಿಗಿಂತ ಔಷಧವನ್ನು ಜೋರಾಗಿ ತಳ್ಳಿದ ನೋವೇ ಹೆಚ್ಚು. ಅವಸರದ ಕೈ ಯಾವುದು, ತಾಳ್ಮೆಯ ಕೈ ಯಾವುದು ಅನ್ನುವುದು ರೋಗಿಗೆ ಇಲ್ಲೇ ಗೊತ್ತಾಗಿಬಿಡುತ್ತದೆ.

ಈ ಒಂದು ಇಂಜೆಕ್ಷನ್ನಿಗೆ ಆ ಬದಿಯ ಕೊನೆಯ ದವಡೆ ಹಲ್ಲಿನಿಂದ ಹಿಡಿದು ಮುಂದಿನ ಬಾಚಿ ಹಲ್ಲಿನವರೆಗೆ ಕೆಳಸಾಲು ಅಷ್ಟೂ ಮರಗಟ್ಟಬೇಕು. ಕೆಳದುಟಿ ಮತ್ತು ಗದ್ದ ನಟ್ಟನಡುವಿನ ಗೆರೆಯವರೆಗೆ ಮರಗಟ್ಟಬೇಕು. ನಾಲಗೆಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುವುದರಿಂದ ನಾಲಗೆಯ ಮುಂದಿನ ಮೂರರಲ್ಲೆರಡು ಭಾಗ, ನಾಲಗೆಯ ಕಡೆಯ ವಸಡು, ಬಾಯಿಯ ತಳ ಇವೂ ಆ ಬದಿಯಲ್ಲಿ ಜೋಮು ಹಿಡಿಯುತ್ತವೆ. ಡಾಕ್ಟರು ತುಟಿಯನ್ನೇ ಕೇಳುವುದಕ್ಕೆ ಕಾರಣ ಇಷ್ಟೆ. ತುಟಿಗೆ ಹೋಗುವ ಎಳೆ ಮೂಳೆಯೊಳಗೆ ಹಲ್ಲುಗಳ ಕೆಳಗೇ ಸಾಗಿ, ಮುಂದವಡೆ ಹಲ್ಲುಗಳ ಹತ್ತಿರದ ಇನ್ನೊಂದು ರಂಧ್ರದಿಂದ ಹೊರಬಂದು ತುಟಿಯನ್ನು ಸೇರುತ್ತದೆ. ತುಟಿ ಮರಗಟ್ಟಿತು ಎಂದರೆ ಔಷಧ ದೊಡ್ಡ ನರವನ್ನು ತಲುಪಿದೆ ಎಂದು ತಿಳಿಯಬಹುದು. ನಾಲಗೆ ಮಾತ್ರ ಜೋಮು ಹಿಡಿದು ತುಟಿ ಎಂದಿನಂತಿದ್ದರೆ, ಔಷಧ ಪಕ್ಕದ ನರಕ್ಕೆ ಬಿದ್ದಿದೆ, ಬೇಕಾದ ನರಕ್ಕೆ ಬಿದ್ದಿಲ್ಲ. ಈ ಸುದ್ದಿಯನ್ನು ಹೇಳಬಲ್ಲವರು ಕುರ್ಚಿಯಲ್ಲಿರುವವರು ಮಾತ್ರ. ಅವರು ಸಂಕೋಚಕ್ಕೆ ‘ಹ್ಞೂಂ’ ಅಂದರೆ ಅದರ ಬೆಲೆ ತೆರುವವರೂ ಅವರೇ.

ಕೆಳಗಿನ ದವಡೆ ಹಲ್ಲು ಕೀಳುವಾಗ ಸಾಮಾನ್ಯವಾಗಿ ಇನ್ನೊಂದು ಚುಚ್ಚು ಬೀಳುತ್ತದೆ. ಮೊದಲನೆಯದು ಗುರಿ ತಪ್ಪಿತು, ಡಾಕ್ಟರಿಗೆ ಕೈ ಕೂತಿಲ್ಲ ಎಂದು ಇದನ್ನು ತಪ್ಪಾಗಿ ಎಣಿಸುವವರಿದ್ದಾರೆ. ದವಡೆ ಹಲ್ಲಿನ ಕೆನ್ನೆಯ ಕಡೆಯ ವಸಡಿಗೆ ಬರುವ ನರವೇ ಬೇರೆ. ಮೊದಲ ಇಂಜೆಕ್ಷನ್ ಅದನ್ನು ಹಿಡಿಯುವುದಿಲ್ಲವಾದ್ದರಿಂದ ಕೊನೆಯ ಹಲ್ಲಿನ ಪಕ್ಕದಲ್ಲಿ ಕೆನ್ನೆಯ ಒಳಗೆ ಸ್ವಲ್ಪವೇ ಔಷಧವನ್ನು ಬೇರೆಯಾಗಿ ಕೊಡಬೇಕು. ಹುಳುಕು ತುಂಬಿಸುವುದಕ್ಕೆ ಹಲ್ಲಿನೊಳಗಿನ ನರ ಮರಗಟ್ಟಿದರೆ ಸಾಕು. ಕೀಳುವುದಕ್ಕೆ ಒಳಗಿನ ವಸಡು, ಹೊರಗಿನ ವಸಡು ಎರಡೂ ಮರಗಟ್ಟಬೇಕು. ಎರಡು ಚುಚ್ಚು ಅಜಾಗರೂಕತೆಯಲ್ಲ, ಕೆಲಸದ ಕ್ರಮ.

ಮೇಲ್ದವಡೆಯ ಕಥೆ ಬೇರೆ. ಅಲ್ಲಿನ ಮೂಳೆಯ ಹೊರಪದರ ತೆಳು, ಸೂಕ್ಷ್ಮ ರಂಧ್ರಗಳು ಹೆಚ್ಚು. ಬೇರಿನ ತುದಿಯ ಎತ್ತರದಲ್ಲಿ, ತುಟಿ ಅಥವಾ ಕೆನ್ನೆ ವಸಡಿಗೆ ಸೇರುವ ಮಡಿಕೆಯಲ್ಲಿ ಔಷಧ ಬಿಟ್ಟರೆ ಮೂಳೆಯೊಳಗೆ ಇಂಗಿ ಆ ಹಲ್ಲು ಮರಗಟ್ಟುತ್ತದೆ. ಹೆಚ್ಚು ಹಲ್ಲುಗಳ ಕೆಲಸವಿದ್ದಾಗ ಇಲ್ಲೂ ಬ್ಲಾಕ್ ಕೊಡುತ್ತಾರೆ. ಹಿಂದಿನ ದವಡೆ ಹಲ್ಲುಗಳಿಗೆ ಮೇಲ್ದವಡೆಯ ಹಿಂಬದಿಯ ಉಬ್ಬಿನಲ್ಲಿ ಚುಚ್ಚುತ್ತಾರೆ. ಮೊದಲನೆಯ ದವಡೆ ಹಲ್ಲಿನ ಒಂದು ಬೇರಿಗೆ ಕೆಲವರಲ್ಲಿ ಅದಕ್ಕೂ ಮುಂದಿನ ನರದಿಂದ ಎಳೆ ಬರುತ್ತದೆ, ಆಗ ಆ ಬೇರಿಗೆಂದೇ ಇನ್ನೊಂದು ಹನಿ ಬೇಕಾಗುತ್ತದೆ. ಬಾಚಿ ಹಲ್ಲು, ಕೋರೆಹಲ್ಲುಗಳಿಗೆ ಕಣ್ಣಿನ ಗೂಡಿನ ಕೆಳಗಂಚಿನ ಬಳಿ ಹೊರಬರುವ ನರವನ್ನು ಹಿಡಿಯುವುದುಂಟು. ಆಗ ಮೇಲ್ದುಟಿ, ಮೂಗಿನ ಪಕ್ಕ ಮತ್ತು ಕೆಳರೆಪ್ಪೆಯವರೆಗೂ ಜೋಮು ಏರುತ್ತದೆ. ಮೇಲಿನ ಹಲ್ಲು ಕೀಳಬೇಕಾದರೆ ಅಂಗುಳಕ್ಕೂ ಒಂದು ಚುಚ್ಚು ಬೇಕು. ನಿಜ ಹೇಳಬೇಕೆಂದರೆ ನೋಯುವುದು ಇದೇ, ಅದರಲ್ಲೂ ಮುಂಬಾಚಿ ಹಲ್ಲುಗಳ ಹಿಂದಿನ ಸಣ್ಣ ಗುಬುಟಿನ ಬಳಿ ಕೊಡುವುದು. ಅಂಗುಳದ ಚರ್ಮ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿದೆ, ಔಷಧ ಹರಡಲು ಸಡಿಲ ಜಾಗವಿಲ್ಲ. ಅರ್ಧ ಎಂ.ಎಲ್.ಗೂ ಕಡಿಮೆ ಔಷಧ ಸಾಕಾದರೂ ಆ ಹತ್ತು ಕ್ಷಣ ಹಲ್ಲು ಕಚ್ಚಿ ತಡೆಯೋಣ ಎಂದರೆ ಬಾಯಿ ಮುಚ್ಚುವಂತಿಲ್ಲ!

ನಮ್ಮ ಕಡೆಯ ಹಳೆಯ ಮಾತೊಂದು ಇಲ್ಲಿ ಎದ್ದುಬರುತ್ತದೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ. ಚನ್ನಪಟ್ಟಣದಲ್ಲಾಗಲಿ ಕನಕಪುರದಲ್ಲಾಗಲಿ ಈ ಮಾತನ್ನು ಕೇಳದ ಹಲ್ಲಿನ ಡಾಕ್ಟರು ಸಿಗುವುದು ಕಷ್ಟ. ರೆಪ್ಪೆಯವರೆಗೆ ಜೋಮು ಏರಿದ್ದನ್ನು ಅನುಭವಿಸಿದವರಿಗೆ ಇದು ನಿಜವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಮೆದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ನೋಟದ ನರ ಎರಡನೆಯದು, ಹಲ್ಲಿನ ನರ ಐದನೆಯದು. ರೆಪ್ಪೆಯ ಚರ್ಮವನ್ನು ಮುಟ್ಟಿದರೆ ತಿಳಿಸುವ ಎಳೆಗೂ ಕಣ್ಣಿನ ನೋಟಕ್ಕೂ ಸಂಬಂಧವಿಲ್ಲ. ಹಲ್ಲು ಸಡಿಲಗೊಂಡು ಉದುರುವ ವಯಸ್ಸೂ ಕಣ್ಣಿಗೆ ಚಾಳೀಸು, ಪೊರೆ ಬರುವ ವಯಸ್ಸೂ ಹತ್ತಿರ ಹತ್ತಿರ. ಒಂದರ ಹಿಂದೆ ಒಂದು ಬಂದದ್ದನ್ನು ಒಂದರಿಂದ ಒಂದು ಬಂದಂತೆ ಕಟ್ಟಿಬಿಟ್ಟಿದ್ದಾರೆ. ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಔಷಧ ದಿಕ್ಕು ತಪ್ಪಿ ರಕ್ತನಾಳದ ಮೂಲಕ ಹರಿದು ಸ್ವಲ್ಪ ಹೊತ್ತು ಒಂದು ಎರಡಾಗಿ ಕಂಡದ್ದು, ನೋಟ ಮಸುಕಾದದ್ದು ವೈದ್ಯಕೀಯ ಬರಹಗಳಲ್ಲಿ ಅಪರೂಪಕ್ಕೆ ದಾಖಲಾಗಿದೆ. ಕೆಳದವಡೆಯ ಸೂಜಿ ಅತಿಯಾಗಿ ಹಿಂದಕ್ಕೆ ಹೋಗಿ ಮುಖದ ಸ್ನಾಯುಗಳ ನರ ಜೋಮು ಹಿಡಿದರೆ, ಔಷಧ ಇಳಿಯುವ ತನಕ ಆ ಬದಿಯ ಕಣ್ಣು ಮುಚ್ಚಲು ಆಗದಿರಬಹುದು. ಹೀಗಾಗುವುದು ಸೂಜಿಯಿಂದ, ಹಲ್ಲು ಕಿತ್ತದ್ದರಿಂದಲ್ಲ. ಬಹುಮಟ್ಟಿಗೆ ಕೆಲವೇ ಗಂಟೆಗಳಲ್ಲಿ ಸರಿಹೋಗುತ್ತದೆ. ಈ ಅಪರೂಪದ ಸಂಗತಿಗೆ ಹೆದರಿ ಕೀವು ತುಂಬಿದ ಮೇಲ್ಹಲ್ಲನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಮಾತ್ರ ನಿಜವಾದ ಅಪಾಯ. ಮೇಲ್ದವಡೆಯ ಸೋಂಕು ಏರಿದರೆ ಕಣ್ಣಿನ ಕಡೆಗೇ ಏರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: “ನನಗೆ ಆ ಇಂಜೆಕ್ಷನ್ ಹಿಡಿಯೋದೇ ಇಲ್ಲ, ಮರಗಟ್ಟಿಸಿದರೂ ಜೀವ ಹೋದಂಗಾಯ್ತು.” ಇದನ್ನು ಸುಳ್ಳು ಎಂದು ತಳ್ಳಿಹಾಕುವ ಹಾಗಿಲ್ಲ. ಕೆಳದವಡೆಯ ಬ್ಲಾಕ್ ನೂರಕ್ಕೆ 15ರಿಂದ 20 ಸಲ ಪೂರ್ತಿ ಹಿಡಿಯುವುದಿಲ್ಲವೆಂದು ದಂತವೈದ್ಯದ ಪಠ್ಯಪುಸ್ತಕಗಳೇ ಒಪ್ಪುತ್ತವೆ. ಆ ರಂಧ್ರದ ಎತ್ತರ ಒಬ್ಬೊಬ್ಬರಲ್ಲಿ ಒಂದೊಂದು ರೀತಿ, ಮಕ್ಕಳಲ್ಲಂತೂ ಇನ್ನೂ ಕೆಳಗೆ. ಕೆಲವರ ಹಲ್ಲಿಗೆ ಬೇರೆ ದಾರಿಯಿಂದ ಹೆಚ್ಚುವರಿ ಎಳೆ ಬಂದಿರುತ್ತದೆ. ಆದರೆ ನಮ್ಮ ಕೈಯಲ್ಲೇ ಇರುವ ಕಾರಣವೊಂದಿದೆ, ಅದು ತಡ. ಈ ಇಂಜೆಕ್ಷನ್ನಿನಲ್ಲಿರುವ ಲಿಗ್ನೊಕೇನ್ ಅನ್ನುವ ಔಷಧ ನರದ ಪೊರೆಯನ್ನು ದಾಟಿ ಒಳಗೆ ಹೋಗಬೇಕಾದರೆ ಒಂದು ನಿರ್ದಿಷ್ಟ ರೂಪದಲ್ಲಿರಬೇಕು. ಆರೋಗ್ಯವಾದ ಮಾಂಸದಲ್ಲಿ, ಅಂದರೆ ಪಿಎಚ್ 7.4ರಲ್ಲಿ, ಔಷಧದ ಸುಮಾರು ಕಾಲುಭಾಗ ಆ ರೂಪದಲ್ಲಿರುತ್ತದೆ. ಕೀವಾಗಿ ಊದಿದ ಜಾಗ ಹುಳಿಯಾಗಿರುತ್ತದೆ. ಪಿಎಚ್ 6ಕ್ಕೆ ಇಳಿದರೆ ಒಳಹೋಗಬಲ್ಲ ಪಾಲು ನೂರಕ್ಕೆ ಒಂದರಷ್ಟಾಗುತ್ತದೆ. ಸಿರಿಂಜು ಅದೇ, ಔಷಧ ಅದೇ, ಕೆಲಸ ಮಾತ್ರ ಆಗುವುದಿಲ್ಲ. ಊತದಿಂದ ದೂರ ಬ್ಲಾಕ್ ಕೊಟ್ಟು ಇದನ್ನು ತಪ್ಪಿಸಬಹುದಾದರೂ ವಾರಗಟ್ಟಲೆ ಕೆರಳಿದ ನರ ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ. ನಮ್ಮ ಕಡೆಯ ಬದುಕಿನಲ್ಲಿ ಈ ತಡಕ್ಕೆ ಬೇಕಾದಷ್ಟು ಅನುಕೂಲಗಳಿವೆ. ನೂಲು ಬಿಚ್ಚುವ ಫಿಲೇಚರಿನಲ್ಲೋ ಬೊಂಬೆ ಕಡೆಯುವ ಪಟ್ಟಡೆಯಲ್ಲೋ ಕೂಲಿಗಿರುವವರಿಗೆ ಆಸ್ಪತ್ರೆಗೆ ಹೋದ ದಿನ ಸಂಬಳವಿಲ್ಲದ ದಿನ. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಅದಕ್ಕಿಂತ ಅಗ್ಗ. ರಾಗಿಮುದ್ದೆಯದ್ದೂ ಇದರಲ್ಲಿ ಪಾಲಿದೆಯೆಂದರೆ ಮುದ್ದೆಯ ಅಭಿಮಾನಿಗಳು ಕೋಪಿಸಿಕೊಳ್ಳಬಾರದು. ಅದು ಅಗಿಯುವ ಊಟವಲ್ಲ, ನುಂಗುವ ಊಟ. ರೊಟ್ಟಿ ತಿನ್ನುವವರಿಗೆ ಎರಡನೆಯ ದಿನವೇ ತಡೆಯಲಾಗದ ಹಲ್ಲನ್ನು ಮುದ್ದೆ ಉಣ್ಣುವವರು ತಿಂಗಳುಗಟ್ಟಲೆ ಸಾಗಿಸಿಬಿಡಬಹುದು. ಕೊನೆಗೆ ಕೆನ್ನೆ ಊದಿಸಿಕೊಂಡು ಹೋದಾಗ ಸೂಜಿ ಹಿಡಿಯುವುದಿಲ್ಲ. ಮನೆಗೆ ಬಂದು ‘ಇಂಜೆಕ್ಷನ್ ಸುಳ್ಳು’ ಅನ್ನುತ್ತಾರೆ. ಅದನ್ನು ಕೇಳಿದ ಪಕ್ಕದ ಮನೆಯವರು ಇನ್ನೂ ತಡ ಮಾಡುತ್ತಾರೆ.

ಹಿಡಿಯಲಿಲ್ಲ ಅನ್ನುವುದರಲ್ಲೂ ಎರಡು ಬಗೆ. ನೋವನ್ನು ಹೊರುವ ನರದೆಳೆಗಳು ಸಣ್ಣವು, ಬೇಗ ಮರಗಟ್ಟುತ್ತವೆ. ಒತ್ತಡ ತಿಳಿಸುವ ಎಳೆಗಳು ದಪ್ಪ, ಪೂರ್ತಿ ಮರಗಟ್ಟುವುದಿಲ್ಲ. ಆದ್ದರಿಂದ ಹಲ್ಲನ್ನು ಅಲುಗಿಸುವಾಗ ಒತ್ತಿದ್ದು, ಎಳೆದದ್ದು, ಲಟಕ್ಕೆಂದ ಸದ್ದು ಎಲ್ಲ ತಿಳಿಯುತ್ತವೆ, ತಿಳಿಯಲೇಬೇಕು. ಚುಚ್ಚಿದಂತೆ, ಕರೆಂಟ್ ಹೊಡೆದಂತೆ ಚುರುಕ್ಕೆಂದರೆ ಅದು ನೋವು. ಎಡಗೈ ಎತ್ತಿ ನಿಲ್ಲಿಸಿ “ಒತ್ತಡ ಅಲ್ಲ ಡಾಕ್ಟ್ರೇ, ನೋವು” ಎಂದರೆ ಅವರಿಗೆ ಅದು ಚಿನ್ನದಂಥ ಮಾಹಿತಿ. ತುಟಿ ಚೆನ್ನಾಗಿ ಮರಗಟ್ಟಿದ್ದರೂ ಕೆರಳಿದ ಹಲ್ಲಿನೊಳಗೆ ನೋವು ಉಳಿದಿರುವುದುಂಟು, ರೂಟ್ ಕೆನಾಲ್ ಮಾಡುವವರಿಗೆ ಇದು ಹಳೆಯ ತಲೆನೋವು. ಆಗ ಇನ್ನೂ ಹತ್ತು ನಿಮಿಷ ಕಾಯಬಹುದು, ಸ್ವಲ್ಪ ಎತ್ತರದಲ್ಲಿ ಮತ್ತೆ ಬ್ಲಾಕ್ ಕೊಡಬಹುದು, ಹಲ್ಲಿಗೂ ಮೂಳೆಗೂ ನಡುವಿನ ಸಂದಿಯಲ್ಲಿ ಹನಿ ಬಿಡಬಹುದು. 60 ಕೆ.ಜಿ. ತೂಗುವ ಆರೋಗ್ಯವಂತರಿಗೆ ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನನ್ನು ಕೆ.ಜಿ.ಗೆ 7 ಮಿಲಿಗ್ರಾಂ ಲೆಕ್ಕದಲ್ಲಿ 420 ಮಿಲಿಗ್ರಾಂವರೆಗೆ ಕೊಡಬಹುದು, ಶೇ. 2ರ ಔಷಧದಲ್ಲಿ ಅದು 21 ಎಂ.ಎಲ್. ಒಂದೆರಡು ಎಂ.ಎಲ್. ಮತ್ತೆ ಕೊಟ್ಟರೆಂದು ಗಾಬರಿಯಾಗಬೇಕಿಲ್ಲ.

ಬಾಯಿಯೇ ತೆರೆಯದವರ ಗತಿ ಏನು? ಎಲೆಯಡಿಕೆಯ ಜೊತೆ ಕಡ್ಡಿಪುಡಿ, ಅದಕ್ಕೂ ಮಿಗಿಲಾಗಿ ಗುಟ್ಕಾ ಪೊಟ್ಟಣ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ, ಬಾಯಿ ವರ್ಷ ವರ್ಷಕ್ಕೆ ಕಿರಿದಾಗುತ್ತ ಎರಡು ಬೆರಳು ತೂರದಂತಾಗುವುದುಂಟು. ಮೇಲೆ ಹೇಳಿದ ಬ್ಲಾಕಿಗೆ ಬಾಯಿ ಅಗಲಕ್ಕೆ ತೆರೆಯಲೇಬೇಕು. ಭಾರತ ಮೂಲದ ವಜಿರಾನಿ 1960ರಲ್ಲಿ, ನೈಜೀರಿಯಾದ ಅಕಿನೋಸಿ 1977ರಲ್ಲಿ ವಿವರಿಸಿದ ವಿಧಾನ ಇಂಥವರಿಗಾಗಿ ಒದಗುತ್ತದೆ. ಹಲ್ಲುಗಳನ್ನು ಕಚ್ಚಿಕೊಂಡಿರುವಾಗಲೇ, ಮೇಲ್ದವಡೆಯ ವಸಡಿನಂಚಿಗೆ ಸಮನಾಗಿ, ಕೆನ್ನೆಯ ಒಳಗಿನಿಂದ ಹಿಂದಕ್ಕೆ ಸೂಜಿ ಸರಿಯುತ್ತದೆ. ಮೂಳೆ ತಗಲುವ ಗುರುತು ಇದರಲ್ಲಿಲ್ಲ, ಕೈಯ ಅಂದಾಜೇ ಆಧಾರ. ಕೆಳದವಡೆಯ ನರವನ್ನು ಮೊದಲ ಬಾರಿಗೆ ಇಂಜೆಕ್ಷನ್ನಿನಿಂದ ತಡೆದದ್ದು 1884ರಲ್ಲಿ, ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್, ಕೊಕೇನ್ ಬಳಸಿ. ಪ್ರಯೋಗ ತನ್ನ ಮೇಲೂ ಮಾಡಿಕೊಂಡ ಆ ಶಸ್ತ್ರವೈದ್ಯ ಕೊಕೇನಿನ ಚಟಕ್ಕೆ ಬಿದ್ದ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಗ್ನೊಕೇನ್ ತಯಾರಿಸಿದ ಮೇಲೆ ಚಟ ಹಿಡಿಸದ, ಅಲರ್ಜಿ ತೀರ ವಿರಳವಾದ ಔಷಧ ಸಿಕ್ಕಿತು. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಯ ಟ್ರೇಯಲ್ಲಿರುವ ಬಾಟಲಿಯೂ ಅದೇ.

ಇಷ್ಟೆಲ್ಲ ರೋಗಿಗೇಕೆ, ಡಾಕ್ಟರು ಓದಿರುವುದು ಮತ್ತೇತಕ್ಕೆ ಎಂದು ಕೇಳಬಹುದು. ಸೂಜಿಯ ಉದ್ದ, ಆಳ ಎಲ್ಲ ಹೇಳಿದರೆ ಇರುವ ಧೈರ್ಯವೂ ಹೋಗುತ್ತದಲ್ಲ ಎಂದೂ ಕೇಳಬಹುದು. ಮೊದಲನೆಯದಕ್ಕೆ ಉತ್ತರ ಆಗಲೇ ಬಂದಿದೆ: ಫಲಿತಾಂಶ ಹೇಳಬೇಕಾದವರು ರೋಗಿಯೇ. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ, ಎಲ್ಲರಿಗೂ ಎಲ್ಲ ವಿವರ ಬೇಡ. ಆದರೆ ಜನ ಹೆದರುವುದು ಸೂಜಿಗಿಂತ ಹೆಚ್ಚಾಗಿ ಮುಂದೇನಾಗುತ್ತದೋ ಅನ್ನುವುದಕ್ಕೆ. “ಅಜ್ಜಿ, ಇಲ್ಲಿ ಚುಚ್ಚುತ್ತೀನಿ, ಈ ಅರ್ಧ ತುಟಿ ಜೋಮು ಹಿಡಿಯುತ್ತೆ, ಸಂಜೆಗೆ ಇಳಿಯುತ್ತೆ” ಅನ್ನಲು ಡಾಕ್ಟರಿಗೆ ಅರ್ಧ ನಿಮಿಷವೂ ಬೇಡ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲೋ, ಮೈಸೂರು ರಸ್ತೆಯ ಕುಂಬಳಗೋಡಿನ ಬಳಿಯ ಖಾಸಗಿ ದಂತ ಕಾಲೇಜಿನಲ್ಲೋ ನಮ್ಮ ಊರಿನವರ ಬಾಯಿಯನ್ನೇ ನೋಡಿ ಕಲಿಯುವ ವಿದ್ಯಾರ್ಥಿಗಳಿಗೆ ಸೂಜಿ ಹಿಡಿಯುವುದರ ಜೊತೆಗೆ ಈ ಒಂದು ವಾಕ್ಯವನ್ನೂ ರೂಢಿ ಮಾಡಿಸಬೇಕು. ರೋಗಿಯ ಕಡೆಯಿಂದಲೂ ಹೇಳಬೇಕಾದ್ದಿದೆ: ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ. ಬಿಪಿ ಇದ್ದವರಿಗೆ ಇಂಜೆಕ್ಷನ್ನೇ ಆಗದು ಎಂಬುದು ಸರಿಯಲ್ಲ. ಹತೋಟಿಯಲ್ಲಿದ್ದರೆ ಅಡ್ರಿನಲಿನ್ ಪ್ರಮಾಣ ಮಿತಿಯಲ್ಲಿಟ್ಟು ಕೊಡುತ್ತಾರೆ. ಮುಚ್ಚಿಟ್ಟರೆ ಮಾತ್ರ ತೊಂದರೆ. ಖಾಲಿ ಹೊಟ್ಟೆಯಲ್ಲಿ ಹೋಗಿ, ಹೆದರಿ ತಲೆಸುತ್ತಿ ಬಿದ್ದು, ಅದನ್ನು ಇಂಜೆಕ್ಷನ್ ಅಲರ್ಜಿ ಎಂದು ಜೀವನವಿಡೀ ನಂಬಿಕೊಂಡಿರುವವರಿದ್ದಾರೆ. ತಿಂಡಿ ತಿಂದು ಹೋಗಿ.

ಹಲ್ಲಿನ ಜೋಮು ಸುಮಾರು ಒಂದು ಗಂಟೆಗೆ ಇಳಿದರೂ ತುಟಿ, ನಾಲಗೆಯ ಜೋಮು ಮೂರರಿಂದ ಐದು ಗಂಟೆ ಇರುತ್ತದೆ. ಅಷ್ಟರಲ್ಲಿ ಬಿಸಿ ಸಾರು, ಕಾಫಿ ಬಾಯಿಗಿಟ್ಟರೆ ಸುಟ್ಟದ್ದೂ ತಿಳಿಯದು. ಮಕ್ಕಳು ಜೋಮು ಹಿಡಿದ ತುಟಿಯನ್ನು ಆಟಕ್ಕೆಂದು ಕಚ್ಚಿ, ಮರುದಿನ ತುಟಿ ಊದಿ ಬಿಳಿಚಿಕೊಂಡಾಗ ಮನೆಯವರು ಔಷಧ ಕೆಟ್ಟಿತೆಂದು ಓಡಿಬರುವುದಿದೆ. ಜೋಮು ಇಳಿಯುವ ತನಕ ಮಗುವನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡರೆ ಸಾಕು. ಮರುದಿನ ಬೆಳಿಗ್ಗೆಯೂ ಜೋಮು ಇಳಿದಿಲ್ಲವೆಂದರೆ ಮಾತ್ರ ಸುಮ್ಮನಿರಬೇಡಿ. ನರಕ್ಕೆ ಸೂಜಿ ತಾಗಿ ಹೀಗಾಗುವುದು ಅಪರೂಪ, ಆದಾಗಲೂ ಬಹಳಷ್ಟು ಮಂದಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಸರಿಹೋಗುತ್ತದೆ. ಅದೇ ಡಾಕ್ಟರ ಹತ್ತಿರ ಹೋಗಿ ಎಲ್ಲಿಂದ ಎಲ್ಲಿಯವರೆಗೆ ತಿಳಿಯುತ್ತಿಲ್ಲ ಅನ್ನುವುದನ್ನು ಬೆರಳಿಟ್ಟು ತೋರಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಹೋದಾಗ ಆ ಗಡಿ ಎಷ್ಟು ಕುಗ್ಗಿದೆ ಎಂದು ನೋಡಿಯೇ ಅವರು ನರ ಚೇತರಿಸಿಕೊಳ್ಳುತ್ತಿದೆಯೇ ಎಂದು ತೀರ್ಮಾನಿಸುವುದು.